ಗೇಟು ಕಾಣದ ಮನೆ

ಫ್ರೀಮಾಂಟ್,
ರವಿವಾರ, 14 ಸೆಪ್ಟೆಂಬರ್ 2025

ಅವ್ವಾ,

ಮೊದಲು ಊರು, ಆಮೇಲೆ ವಾರ, ಆಮೇಲೆ ತಾರೀಖು. ತಾರೀಖಿಲ್ಲದ್ದು ಪತ್ರವಲ್ಲ, ಚೀಟಿ ಎಂದು ಹೇಳಿಕೊಟ್ಟವಳು ನೀನು. ಬಾಗಲಕೋಟೆ ಬಿಟ್ಟು ಅಮೆರಿಕದ ಈ ಊರಿಗೆ ಬಂದಾಗ ನನಗೆ ಹತ್ತು ವರ್ಷ. ಅಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಿನಗೆ ಇಲ್ಲಿ ಕಲಿಸಲು ಉಳಿದವಳು ನಾನೊಬ್ಬಳೇ. ಪ್ರತಿ ರವಿವಾರ ನಾನು ನಿನಗೊಂದು ಪತ್ರ ಬರೆಯಬೇಕಿತ್ತು, ಅದೂ ನಿನ್ನೆದುರಿಗೇ, ಅಡುಗೆಮನೆಯ ಮೇಜಿನ ಮೇಲೆ. ಅದನ್ನು ನೀನು ಟಪಾಲಿನಲ್ಲಿ ಬಂದದ್ದರ ಹಾಗೆ ಬಿಡಿಸಿ ಓದಿ, ‘ಮಗಳು ಆರಾಮ ಅದಾಳಂತ, ನಿಮ್ಮನ್ನ ಕೇಳ್ಯಾಳ’ ಎಂದು ಒಳಗಿದ್ದ ಅಪ್ಪನಿಗೆ ಕೂಗಿ ಹೇಳುತ್ತಿದ್ದೆ.

ಇದು ಅದೇ ಮೇಜು. ನೀನು ಎದುರಿಗೇ ಕೂತಿದ್ದೀ. ಒಗೆದ ಟವೆಲುಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದೀ. ಬಾಗಿಲ ಬಳಿ ಸಾಲಾಗಿ ನಿಂತಿರುವ ಸೂಟ್‌ಕೇಸುಗಳನ್ನು ನೋಡಿ ಈಗಷ್ಟೇ ‘ಬೀಗರು ಬಂದಾರೇನು?’ ಎಂದು ಕೇಳಿದೆ. ನಾನು ಹೂಂ ಎಂದೆ. ಬೆಳಗಿನಿಂದ ಇದು ನಾಲ್ಕನೆಯ ಸಲ. ಮೊದಲಿನ ಮೂರು ಸಲ ನಿಜ ಹೇಳಿದ್ದೆ. ಮೂರು ಸಲವೂ ನೀನು ಅದನ್ನು ಆಗತಾನೇ ಕೇಳಿದವಳ ಹಾಗೆ ಅತ್ತೆ. ಅಳುವುದು ಮುಗಿದ ಮೇಲೆ ಯಾಕೆ ಅತ್ತೆ ಎಂಬುದೂ ನಿನಗೆ ಗೊತ್ತಿರಲಿಲ್ಲ. ಮೂಗು ಒರೆಸಿಕೊಂಡು, ‘ನೆಗಡಿ ಆಗೇತಿ, ಕಷಾಯ ಮಾಡ್ಲೇನು?’ ಎಂದು ನನ್ನನ್ನೇ ಕೇಳಿದೆ.

ಬರುವ ಗುರುವಾರ ನೀನು ಮತ್ತು ಅಪ್ಪ ವಿಮಾನ ಹತ್ತುತ್ತೀರಿ. ಹೋಗುವುದು ಥಾಯ್ಲೆಂಡಿಗೆ, ಚಿಯಾಂಗ್ ಮಾಯ್ ಎಂಬ ಊರಿನ ಹೊರಗಿರುವ ಒಂದು ಬಡಾವಣೆಗೆ. ಸುತ್ತ ಗೋಡೆ, ಒಂದೇ ಗೇಟು, ಒಳಗೆ ಇಪ್ಪತ್ತೆರಡು ಮನೆ. ನಿನ್ನಂಥ ಮರೆವಿನ ಕಾಯಿಲೆಯವರು ಮತ್ತು ಅವರ ಜೊತೆಯವರು ಅಲ್ಲಿರುತ್ತಾರೆ. ನಿನ್ನನ್ನು ನೋಡಿಕೊಳ್ಳಲು ನೊಯ್ ಎಂಬ ಹೆಂಗಸು ಬರುತ್ತಾಳೆ. ನಿನಗಿನ್ನೂ ಐವತ್ತೊಂಬತ್ತು, ಅವ್ವಾ.

ನಿನಗೆ ಓದಲು ಈಗಲೂ ಬರುತ್ತದೆ. ನೆನಪು ಹೋದರೂ ಓದು ಬಹಳ ದಿನ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಸೀರಿಯಲ್ ಡಬ್ಬಿಯ ಹಿಂದಿನ ಸಾಲುಗಳನ್ನು ದಿನಾ ಹೊಸದಾಗಿ, ಗಟ್ಟಿಯಾಗಿ ಓದುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದ್ದು ನಿನ್ನ ಬಳಿ ಹತ್ತು ನಿಮಿಷ ಇರುವುದಿಲ್ಲ. ಕಾಗದ ಇರುತ್ತದೆ.

ಆ ಮನೆಯನ್ನು ಆರಿಸಿದ್ದು ಹೇಗೆ ಎಂಬುದನ್ನು ಮೊದಲು ಹೇಳುತ್ತೇನೆ.

ಅಪ್ಪ ಮೊದಲು ಇಲ್ಲೇ ಹತ್ತಿರದ ಸ್ಯಾನ್ ಮಟಿಯೋದಲ್ಲಿ ಇಂಥದ್ದೇ ಒಂದು ಆರೈಕೆಮನೆ ನೋಡಿ ಬಂದರು. ಚೆನ್ನಾಗಿತ್ತಂತೆ, ನಮ್ಮ ಕೈಗೆ ಎಟುಕುವಂಥದ್ದಲ್ಲ. ಬಾಗಲಕೋಟೆಗೆ ಕರೆದುಕೊಂಡು ಹೋಗಿ ಎಂದೆ ನಾನು. ಅಪ್ಪ, ‘ಅಲ್ಲಿ ಎಲ್ಲಾರಿಗೂ ಇಕಿ ಏನಿದ್ಲು ಅಂತ ಗೊತ್ತೈತಿ. ನೋಡಾಕ ಬರ್ತಾರ. ನೋಡಿ ಹೊರಗ ಹೋಗಿ ಮಾತಾಡ್ತಾರ. ಏನಿದ್ಲು ಅಂತ ಗೊತ್ತಿಲ್ಲದ ಊರಾಗ ಇರೂಣು’ ಎಂದರು.

ನನಗೆ ಈ ದೇಶದ ಮೇಲೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದನ್ನು ವ್ಯಾಪಾರಕ್ಕಿಟ್ಟ ದೇಶ ಇದು. ಕೊಳ್ಳಲಾಗದವರು ಇನ್ನೊಂದು ದೇಶಕ್ಕೆ ಹೋಗಬೇಕು. ಅಲ್ಲಿ ಅಗ್ಗ ಎಂದರೆ ನೊಯ್ ಎಂಬ ಹೆಂಗಸಿನ ದಿನ ಅಗ್ಗ ಎಂದೇ ಅರ್ಥ. ಅವಳಿಗೂ ಹಳ್ಳಿಯಲ್ಲಿ ವಯಸ್ಸಾದ ತಾಯಿ ಇದ್ದಾಳಂತೆ, ತಿಂಗಳಿಗೊಮ್ಮೆ ಹೋಗಿ ಬರುತ್ತಾಳಂತೆ. ಅವಳ ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಕೇಳಿದರೆ ನಿನ್ನನ್ನು ಕಳಿಸಲು ಆಗುತ್ತಿರಲಿಲ್ಲ.

ಜುಲೈನ ಒಂದು ಶನಿವಾರ ಸಂಜೆ, ಅವರಿಗೆ ರವಿವಾರ ಬೆಳಿಗ್ಗೆ, ಬಡಾವಣೆಯ ಕಚೇರಿಯ ಪಿಮ್ ಎಂಬ ಹುಡುಗಿ ವಿಡಿಯೋ ಕಾಲ್ ಮಾಡಿ ಖಾಲಿ ಇದ್ದ ಮೂರು ಮನೆ ತೋರಿಸಿದಳು. ಅಪ್ಪ ಲ್ಯಾಪ್‌ಟಾಪನ್ನು ಈ ಮೇಜಿನ ಮೇಲಿಟ್ಟರು. ನೀನು ರೊಟ್ಟಿಹಿಟ್ಟಿನ ಕೈ ತೊಳೆದುಕೊಂಡು ಬಂದು ‘ಯಾರಿಗ ಮನಿ?’ ಎಂದೆ. ಅಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನೀನೇ ನನ್ನ ಕಡೆ ನೋಡಿ ನಕ್ಕು, ‘ನಮ್ಮ ಭುವಿಗೇನು? ನನ್ನ ಮುಂದ ಯಾಕ ಮುಚ್ಚಿಡ್ತೀರಿ? ಹುಡುಗ ಅಲ್ಲೇ ಇರ್ತಾನೇನು?’ ಎಂದೆ. ಅಪ್ಪ ಹೂಂ ಎಂದುಬಿಟ್ಟರು. ನಾನು ತಿದ್ದಲಿಲ್ಲ. ನೀನು ಸೆರಗು ಸರಿಮಾಡಿಕೊಂಡು, ಕುರ್ಚಿ ಎಳೆದುಕೊಂಡು, ಮಗಳಿಗೆ ಮನೆ ನೋಡಲು ಕೂತೆ.

ಆ ಅರ್ಧ ಗಂಟೆ ನೀನು ಪೂರ್ತಿ ನೀನಾಗಿದ್ದೆ. ಏಳನೇ ನಂಬರಿನ ಮನೆಯ ಹಿಂದೆ ಈಜುಕೊಳ ಕಂಡ ಕೂಡಲೇ ಬೇಡವೆಂದೆ: ನಾಳೆ ಮಕ್ಕಳಾದ ಮೇಲೆ ನೀರಿನ ಮಗ್ಗುಲಲ್ಲಿ ಮನೆ ಇರಬಾರದು. ಹನ್ನೆರಡನೇ ನಂಬರಿನದು ಒಳಗಿನ ಸಾಲಿನಲ್ಲಿತ್ತು, ಸುತ್ತ ಗಿಡಗಳು, ತಣ್ಣಗೆ ಕಾಣುತ್ತಿತ್ತು. ಅಡುಗೆಮನೆ ತೋರಿಸು ಎಂದೆ. ಪಿಮ್ ಒಂದು ಸಿಂಕು, ಒಂದು ಸಣ್ಣ ಫ್ರಿಜ್ಜು ತೋರಿಸಿದಳು. ಒಲೆ ಎಲ್ಲಿ ಕೇಳು ಎಂದೆ. ನಾನು ಕೇಳಿದೆ. ಈ ಸಾಲಿನ ಮನೆಗಳಲ್ಲಿ ಒಲೆ ಇಡುವುದಿಲ್ಲ, ಊಟ ದೊಡ್ಡ ಅಡುಗೆಮನೆಯಿಂದ ಬರುತ್ತದೆ ಎಂದಳು ಅವಳು. ನಿನಗೆ ಆದ ಅಸಹ್ಯ ನೋಡಬೇಕಿತ್ತು. ‘ಒಲಿ ಇಲ್ಲದ್ದು ಲಾಜ್ ಆತು, ಮನಿ ಹೆಂಗಾತು? ಹಾಲು ಎಲ್ಲಿ ಉಕ್ಕಸ್ತಾರ, ಬಚ್ಚಲದಾಗ ಏನು?’ ಎಂದೆ. ಅಪ್ಪ ನಕ್ಕರು. ಏಪ್ರಿಲ್ ನಂತರ ಅವರು ನಕ್ಕಿದ್ದು ಅದೇ ಮೊದಲು.

ಹತ್ತೊಂಬತ್ತನೇ ನಂಬರು ನಿನಗೆ ಹಿಡಿಸಿತು. ಅದರಲ್ಲಿ ಒಲೆ ಇತ್ತು. ಅಡುಗೆಮನೆಗೆ ದೊಡ್ಡ ಕಿಟಕಿ, ಕಿಟಕಿಯ ನೇರಕ್ಕೆ ಬಡಾವಣೆಯ ಗೇಟು. ನೀನು ಪರದೆಗೆ ಬೆರಳು ಹಚ್ಚಿ, ‘ಇದು ಮನಿ. ಇಲ್ಲಿ ನಿಂತು ರೊಟ್ಟಿ ಬಡಿಯೂ ಹೊತ್ತಿಗೆ ಬರೋರು ಹೋಗೋರು ಕಾಣ್ತಾರ. ನಾ ಬರೂದು ನಿನಗ ದೂರದಿಂದನ ಕಾಣ್ತೈತಿ. ಬಂದು ಕುಂಡ್ರೂದ್ರಾಗ ಚಾ ಆಗಿರ್ತೈತಿ’ ಎಂದೆ.

ಅವತ್ತು ರಾತ್ರಿಯ ಊಟಕ್ಕೆ ನನಗೊಂದು ರೊಟ್ಟಿ ಹೆಚ್ಚು ಬಡಿಸಿದೆ. ಮದುವೆಯಾಗಿ ಹೋಗುವವಳಲ್ಲವೇ.

ಎರಡು ದಿನದ ಮೇಲೆ ಪಿಮ್ ನನಗೆ ಬರೆದಳು. ಹೊರಗೆ ನಡೆದುಬಿಡುವ ಅಭ್ಯಾಸ ಇರುವವರಿಗೆ ಗೇಟು ಕಾಣುವ ಮನೆ ಆರಿಸಬೇಡಿ, ಗೇಟು ಕಂಡರೆ ಅವರು ದಿನವಿಡೀ ಅಲ್ಲೇ ಹೋಗಿ ನಿಲ್ಲುತ್ತಾರೆ, ಸರಳು ಹಿಡಿದು ಅಲುಗಾಡಿಸುತ್ತಾರೆ. ಕಾಣದಿದ್ದರೆ ನಿಧಾನಕ್ಕೆ ಹುಡುಕುವುದನ್ನು ಬಿಡುತ್ತಾರೆ. ಹನ್ನೆರಡು ಒಳ್ಳೆಯದು ಎಂದಿದ್ದಳು. ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕನ್ನಡಕ ತೆಗೆದು, ‘ನೀ ಓದಿದಾಕಿ, ನೀನ ಗುರುತು ಮಾಡು’ ಎಂದು ಬಾಲ್ಕನಿಗೆ ಹೋದರು.

ಫಾರಮಿನಲ್ಲಿ ಹನ್ನೆರಡಕ್ಕೆ ಗುರುತು ಮಾಡಿದವಳು ನಾನು.

ಫಾರಮಿನ ಜೊತೆಗೇ ಗುತ್ತಿಗೆಯ ಕರಾರು ಬಂತು. ಆ ದೇಶದಲ್ಲಿ ಹೊರಗಿನವರ ಹೆಸರಿಗೆ ಭೂಮಿ ಮಾಡಿಕೊಡುವುದಿಲ್ಲ. ಮೂವತ್ತು ವರ್ಷಕ್ಕೆ ಬರೆದುಕೊಡುತ್ತಾರೆ, ಅಷ್ಟೇ. ಅಪ್ಪ ಅದನ್ನು ಓದಿ ನನಗೆ, ‘ಭೂಮಿ ಯಾರ ಸ್ವಂತದ್ದೂ ಅಲ್ಲ ಅಂತಿದ್ದೆಲ್ಲ, ನೀ ಓದೂ ಸಂಘದ ತೆಳ್ಳನ ಪುಸ್ತಕದ ದೇಶ ಸಿಕ್ತು ನೋಡು’ ಎಂದರು. ಚುಚ್ಚಲು ಹೇಳಿದ್ದಲ್ಲ. ಮೂವತ್ತು ವರ್ಷದಲ್ಲಿ ನಮಗೆ ಬೇಕಾಗುವುದು ಎಷ್ಟೋ.

ಈಗ ನಮ್ಮ ಗೇಟಿನ ಮಾತು. ಇದನ್ನು ನಾನು ನಿನಗೆ ಮೊದಲೂ ಹೇಳಿದ್ದೇನೆ, ನಿನಗೆ ನೆನಪಿಲ್ಲ. ಪೂರ್ತಿ ಹೇಳಿರಲಿಲ್ಲ, ಅದೂ ನಿನಗೆ ನೆನಪಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ರೈಲು ಸ್ಟೇಷನ್ನಿನ ಕಡೆಗೆ ಒಂದು ಸಣ್ಣ ಕಬ್ಬಿಣದ ಗೇಟು ಇದೆಯಲ್ಲ, ಅದು ಮೊದಲಿನಿಂದ ತೆರೆದೇ ಇತ್ತು. ಬಸ್ಸಿಳಿದು ಮನೆಗೆಲಸಕ್ಕೆ ಬರುವ ಹೆಂಗಸರು ಅಲ್ಲಿಂದಲೇ ಬರುತ್ತಿದ್ದರು. ಹಿಂದಿನ ಬೀದಿಯಲ್ಲಿ ಕಾರುಗಳಲ್ಲೇ ಬದುಕುವ ಜನ ಒಳಗಿನ ನಲ್ಲಿಯಿಂದ ನೀರು ಹಿಡಿದುಕೊಂಡು ಹೋಗುತ್ತಿದ್ದರು. ಕಳೆದ ವರ್ಷ ಮ್ಯಾನೇಜರ್ ಅದಕ್ಕೆ ನಂಬರಿನ ಬೀಗ ಹಾಕಿಸಿದ. ಸುರಕ್ಷತೆ ಎಂದ. ಯಾರ ಸುರಕ್ಷತೆ ಎಂದು ನಾನು ಒಂದು ಕರಪತ್ರ ಬರೆದೆ. ಕಾಲೇಜು ಬಿಟ್ಟು, ಗ್ರೋಸರಿ ಅಂಗಡಿಯಲ್ಲಿ ಬಿಲ್ ಮಾಡುತ್ತ, ಬಾಡಿಗೆದಾರರ ಸಂಘದ ಹೊತ್ತಿಗೆಗಳನ್ನು ಓದಿ ಓದಿ ನನ್ನ ತಲೆಯಲ್ಲಿ ಕೂಡಿಬಿದ್ದದ್ದೆಲ್ಲ ಆ ಒಂದು ಹಾಳೆಯಲ್ಲಿತ್ತು. ಅಂಥ ಒಳ್ಳೆಯದನ್ನು ನಾನು ಮತ್ತೆ ಬರೆದಿಲ್ಲ.

ಮುನ್ನೂರು ಪ್ರತಿ. ಮಡಚಿದವಳು ನೀನು. ಲಟ್ಟಣಿಗೆಯಿಂದ ಮಡಿಕೆ ಒತ್ತಿ, ಒಂದರ ಮೇಲೊಂದು ಅಂಚು ಕೂಡಿಸಿ ಇಟ್ಟೆ. ‘ಯಾರ ಲಗ್ನ?’ ಎಂದು ಕೇಳಿದೆ. ನಾನು ಫೋನಿನಲ್ಲಿದ್ದೆ, ಉತ್ತರ ಕೊಡಲಿಲ್ಲ. ತಿರುಗಿ ನೋಡಿದರೆ ನೀನು ದೇವರ ಮುಂದಿನ ಬಟ್ಟಲು ತಂದು, ಮುನ್ನೂರು ಕರಪತ್ರದ ಮೂಲೆಗೂ ಅರಿಷಿಣ ಕುಂಕುಮ ಹಚ್ಚಿ ಮುಗಿಸಿದ್ದೆ. ಮತ್ತೆ ಅಚ್ಚು ಹಾಕಿಸಲು ಸಮಯ ಇರಲಿಲ್ಲ, ಹಾಗೇ ಹಂಚಿದೆ. ಮೂರನೇ ಮಹಡಿಯ ಮೆಕ್ಸಿಕೋದ ಅಜ್ಜಿ ಅದು ರಕ್ತವೇ ಎಂದು ಕೇಳಿದಳು. ಅಲ್ಲ, ನಮ್ಮವ್ವನ ಆಶೀರ್ವಾದ ಎಂದೆ. ಆಕೆ ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಳು. ಮಾರ್ಚಿನಲ್ಲಿ ಮ್ಯಾನೇಜರ್ ಬೀಗ ತೆಗೆಸಿದ. ನಾನು ಗೆದ್ದದ್ದು ಅದೊಂದೇ.

ಜನವರಿಯಲ್ಲಿ ನೀನು ಒಮ್ಮೆ ಕೆಳಗಿಳಿದು ಪಾರ್ಕಿಂಗ್‌ನಲ್ಲಿ ದಾರಿ ತಪ್ಪಿ ನಿಂತಿದ್ದೆ. ಆಗ ಅಪ್ಪ ನನ್ನ ಕೋಣೆಗೆ ಬಂದು, ‘ಬೀಗ ಒಂದು ವರ್ಷ ಇರಲಿ ಬಿಡವಾ, ನಿಮ್ಮವ್ವನ ಸಂಬಂಧ’ ಎಂದಿದ್ದರು. ಒಬ್ಬರಿಗಾಗಿ ಮುನ್ನೂರು ಜನರನ್ನು ಹೊರಗಿಡುವುದು ನ್ಯಾಯವಲ್ಲ ಎಂದು ನಾನು ಹೇಳಿದೆ. ಆ ಒಬ್ಬರು ಯಾರು ಎಂಬುದು ಗೊತ್ತಿದ್ದೇ ಹೇಳಿದೆ.

ಏಪ್ರಿಲ್ ಎಂಟಕ್ಕೆ ನೀನು ಆ ಗೇಟಿನಿಂದ ಹೊರಗೆ ಹೋದೆ. ಸ್ಟೀಲಿನ ಬುತ್ತಿಡಬ್ಬಿಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತುಂಬಿಕೊಂಡಿದ್ದೆ. ಅಪ್ಪನಿಗೆ ಊಟ ಕೊಡಲು ಹೊರಟಿದ್ದೆ, ಅವರು ಹದಿಮೂರು ವರ್ಷ ಮಷಿನು ದುರಸ್ತಿ ಮಾಡುತ್ತಿದ್ದ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ. ಅವರು ಕೆಲಸ ಬಿಟ್ಟು ವರ್ಷವಾಗಿತ್ತು. ಎರಡು ರೈಲು ಹೇಗೆ ಬದಲಾಯಿಸಿದೆ, ಟಿಕೆಟ್ಟಿಲ್ಲದೆ ಹೇಗೆ ದಾಟಿದೆ, ಫ್ರೀವೇ ಪಕ್ಕದಲ್ಲಿ ಎಷ್ಟು ದೂರ ನಡೆದೆ, ಯಾರಿಗೂ ಗೊತ್ತಿಲ್ಲ. ಸಂಜೆ ಏಳು ಗಂಟೆಯ ಮೇಲೆ ಲ್ಯಾಬಿನ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಎಡಗೈಯ ಮಣಿಕಟ್ಟು ಮುರಿದಿತ್ತು. ಡಬ್ಬಿ ಮಾತ್ರ ಬಿಟ್ಟಿರಲಿಲ್ಲ. ಅದರ ಮುಚ್ಚಳದ ಮೇಲೆ ಬಾಗಲಕೋಟೆಯ ಪಾತ್ರೆ ಅಂಗಡಿಯಲ್ಲಿ ಕೊರೆಸಿದ ಕನ್ನಡ ಅಕ್ಷರ: ಶರಣವ್ವ ಸೋಮಲಿಂಗಪ್ಪ. ಕಾವಲುಗಾರ ಅದರ ಫೋಟೋ ತೆಗೆದು ಹೊರಗೆ ಬರುವವರಿಗೆಲ್ಲ ತೋರಿಸುತ್ತ ನಿಂತನಂತೆ. ಕೊನೆಗೆ ಅನುರಾಗ್ ಎಂಬ ಮೈಸೂರಿನ ಹುಡುಗ ಕಾರು ನಿಲ್ಲಿಸಿ ಓದಿದ. ಅವನ ಕನ್ನಡಿಗರ ವಾಟ್ಸಾಪ್ ಗುಂಪಿನಿಂದ ನಮ್ಮ ಗುಂಪಿಗೆ ಬರಲು ಐದೇ ನಿಮಿಷ ಹಿಡಿಯಿತು. ಅಪ್ಪ ಹೋದಾಗ ನೀನು, ‘ಊಟಕ್ಕ ಹೊರಗ ಬರಾಕ ಇಷ್ಟೊತ್ತೇನ್ರಿ?’ ಎಂದು ಬೈದೆಯಂತೆ. ಅಪ್ಪ ಅಲ್ಲೇ ನೆಲದ ಮೇಲೆ ಕೂತು ಆ ರೊಟ್ಟಿ ತಿಂದರು. ಆಮೇಲೆ ಆಸ್ಪತ್ರೆಗೆ ಹೋದದ್ದು.

ಅವತ್ತು ಅಪ್ಪ ಯಾವುದೋ ಕೆಲಸಕ್ಕೆ ಬೆಳಿಗ್ಗೆಯೇ ಹೊರಗೆ ಹೋಗಿದ್ದರು, ಮಧ್ಯಾಹ್ನ ಎರಡಕ್ಕೆ ಪಕ್ಕದ ಮನೆಯ ಸತ್ಯವತಿ ಆಂಟಿ ನಿನ್ನ ಜೊತೆ ಕೂರಲು ಬರಬೇಕಿತ್ತು. ಅವರು ತಡವಾಗಿ ಬಂದರು ಎಂದು ನಾನು ಪೊಲೀಸರಿಗೆ ಹೇಳಿದೆ, ಅಪ್ಪನಿಗೂ ಹೇಳಿದೆ. ಅವತ್ತಿನಿಂದ ಅಪ್ಪ ಅವರ ಜೊತೆ ಮಾತು ಬಿಟ್ಟಿದ್ದಾರೆ. ಅವರು ಎರಡು ಸಲ ಪುಳಿಯೋಗರೆ ತಂದು ಬಾಗಿಲಲ್ಲಿ ನಿಂತು ವಾಪಸ್ಸು ಹೋದರು. ತಾವೇ ತಡ ಮಾಡಿದೆವೇನೋ ಎಂದು ಅವರೂ ನಂಬಿದ್ದಾರೆ.

ಅವರು ತಡ ಮಾಡಿರಲಿಲ್ಲ. ಎರಡಕ್ಕೆ ಸರಿಯಾಗಿ ಬಂದು ಬೆಲ್ಲು ಒತ್ತಿದ್ದಾರೆ. ನಾನು ಒಂದೂವರೆಗೇ ಹೊರಟುಬಿಟ್ಟಿದ್ದೆ. ಸ್ಯಾನ್ ಮಟಿಯೋದಲ್ಲಿ ಸಂಘದ ಸಭೆ, ಗೇಟು ಗೆದ್ದ ಕಥೆಯನ್ನು ನಾನು ಹೇಳಬೇಕಿತ್ತು, ಮುಂದಿನ ಸಾಲಿನಲ್ಲಿ ಕೂರಬೇಕೆಂದು ಆಸೆಯಾಯಿತು. ನೀನು ಒಲೆಯ ಮುಂದೆ ಹಾಡಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಅರ್ಧ ಗಂಟೆಗೆ ಏನಾಗುತ್ತದೆ ಎಂದುಕೊಂಡೆ. ಯಾರಿಗೆ ರೊಟ್ಟಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನೀನು ಬೀದಿಯಲ್ಲಿದ್ದಾಗ ನಾನು ಮೈಕಿನ ಮುಂದೆ ನಿಂತು ತೆರೆದ ಗೇಟಿನ ಬಗ್ಗೆ ಮಾತಾಡುತ್ತಿದ್ದೆ, ಫೋನು ಸೈಲೆಂಟಿನಲ್ಲಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನು ಈಗಲೂ ಆ ಬೀಗ ತಪ್ಪು ಎಂದೇ ಹೇಳುತ್ತೇನೆ. ಕಾರಿನಲ್ಲಿ ಮಲಗುವವರಿಗೆ ನೀರು ಬೇಕು. ಕರಪತ್ರದ ಒಂದು ಸಾಲನ್ನೂ ನಾನು ಅಳಿಸುವುದಿಲ್ಲ. ಆದರೆ ಮೇ ತಿಂಗಳಲ್ಲಿ ಬೀಗ ಮತ್ತೆ ಹಾಕಲು ಮ್ಯಾನೇಜರ್ ಒಪ್ಪಿಗೆಯ ಹಾಳೆ ತಂದಾಗ ಮೊದಲ ಸಹಿ ನನ್ನದೇ. ಆ ಮೆಕ್ಸಿಕೋದ ಅಜ್ಜಿ ನನ್ನ ನಂತರ ಸಹಿ ಮಾಡಬೇಕಿತ್ತು. ಮಾಡಲಿಲ್ಲ. ಪೆನ್ನು ನನ್ನ ಕೈಗೇ ಕೊಟ್ಟು ಹೋದಳು. ಸಂಘಕ್ಕೆ ಆಮೇಲೆ ನಾನು ಹೋಗಿಲ್ಲ. ಇದು ಅಪ್ಪನಿಗೆ ಗೊತ್ತಿಲ್ಲ. ನವೆಂಬರಿನಲ್ಲಿ ಬಾಡಿಗೆಯ ಬಗ್ಗೆ ಸಂಘದ ದೊಡ್ಡ ವಿಚಾರಣೆ ಇದೆ, ನಾನು ಇಲ್ಲಿರಲೇಬೇಕು, ಅದಕ್ಕೇ ನಿಮ್ಮ ಜೊತೆ ಬರಲಾಗುವುದಿಲ್ಲ ಎಂದು ಹೇಳಿದ್ದೇನೆ.

ವಿಚಾರಣೆ ಇರುವುದು ನಿಜ, ಅದಕ್ಕೆ ನಾನು ಬೇಕಾಗಿಲ್ಲ. ನಾನು ಬರಬಹುದಿತ್ತು. ಇಪ್ಪತ್ತನಾಲ್ಕು ವರ್ಷದವಳು, ಅಂಗಡಿಯ ಕೆಲಸ, ಬಿಟ್ಟರೆ ನಾಳೆ ಇನ್ನೊಬ್ಬಳು ಬರುತ್ತಾಳೆ. ಬರದಿರುವುದಕ್ಕೆ ಕಾರಣ ಬೇರೆ. ಕರಾರಿಗೆ ಸಹಿ ಬಿದ್ದ ದಿನ ನಾನು ಮಂಚದ ಮೇಲೆ ಬಿದ್ದು, ಏಪ್ರಿಲ್ ನಂತರ ಮೊದಲ ಬಾರಿ, ಎಚ್ಚರವಿಲ್ಲದೆ ಮಲಗಿದೆ. ನೀನು ಹೋಗುತ್ತೀ ಎಂಬುದು ನನಗೆ ಅಷ್ಟು ಹಗುರ ತಂದಿತು. ಯಾರ ಬಗ್ಗೆಯಾದರೂ ಇಂಥದ್ದನ್ನು ಓದಿದ್ದರೆ ನಾನು ಅವರನ್ನು ಕ್ಷಮಿಸುತ್ತಿರಲಿಲ್ಲ.

ನೀನು ಈಗ ಟವೆಲು ಮುಗಿಸಿ ನನ್ನ ಕಡೆಗೇ ನೋಡುತ್ತಿದ್ದೀ. ‘ಯಾರಿಗ ಬರ್ಯಾಕತ್ತಿ?’ ಎಂದೆ. ನಿನಗೇ ಎಂದೆ ನಾನು. ‘ಹಂಗಾದ್ರ ತಾರೀಖು ಹಾಕೀಯೇನು?’ ಎಂದೆ. ಹಾಕಿದ್ದೇನೆ ಅವ್ವಾ.

ಆ ಹನ್ನೆರಡನೇ ನಂಬರಿನ ಮನೆಯಲ್ಲಿ ಒಲೆ ಇಲ್ಲ. ಹಾಲುಕ್ಕಿಸುವ ನಿನ್ನ ಗಿಂಡಿಯನ್ನು ನೀಲಿ ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ ಇಟ್ಟಿದ್ದೇನೆ. ಎಲ್ಲಿ ಉಕ್ಕಿಸುತ್ತೀ ಎಂಬುದು ನನಗೆ ಗೊತ್ತಿಲ್ಲ. ಕಿಟಕಿಯಲ್ಲಿ ನಿಂತರೆ ಗಿಡ ಕಾಣುತ್ತವೆ. ಯಾರು ಬರುವುದೂ ಕಾಣುವುದಿಲ್ಲ.

ನಿನ್ನಿಂದ ಅಕ್ಷರ ಕಲಿತು, ಅದರಲ್ಲೇ ನಿನಗೆ ಇಷ್ಟನ್ನು ಬರೆದ
ಭುವನೇಶ್ವರಿ

ತಾ.ಕ.: ಅಪ್ಪಾ, ಇದನ್ನು ಅವ್ವನಿಗೆ ಕೊಡಬೇಡಿ. ನಿಮ್ಮ ಮುಖ ನೋಡಿ ಹೇಳಲಾಗದೆ ಅವಳ ಹೆಸರು ಹಾಕಿ ಬರೆದಿದ್ದೇನೆ. ಓದಿದ ಮೇಲೆ, ಗುರುವಾರದ ಒಳಗೆ, ಸತ್ಯವತಿ ಆಂಟಿಯ ಬಾಗಿಲು ಬಡಿದು ಒಂದು ಮಾತಾಡಿ. ನಾನೂ ಹೋಗುತ್ತೇನೆ, ಆದರೆ ಮೊದಲು ನೀವು. ಅವ್ವನಿಗೆ ಬೇರೆ ಒಂದು ಹಾಳೆ ಇದೇ ಲಕೋಟೆಯಲ್ಲಿದೆ, ಹರಿಯದಂತೆ ಪ್ಲಾಸ್ಟಿಕ್ ಹಾಕಿಸಿದ್ದೇನೆ. ದಿನಾ ಬೆಳಿಗ್ಗೆ ಅದನ್ನು ಕೊಡಿ. ಅದರಲ್ಲಿ ಬರೆದಿರುವುದು ಇಷ್ಟೇ: ‘ಅವ್ವಾ, ಇದು ನೀನು ನನಗೆ ಆರಿಸಿದ ಮನೆ. ಒಲೆ ಕೂಡಿಸುವವರು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಮನೆ ನೋಡಿಕೊಂಡಿರು. ನಾನು ರವಿವಾರ ಬರುತ್ತೇನೆ.’ ಅದಕ್ಕೆ ತಾರೀಖು ಹಾಕಿಲ್ಲ.